ಹತ್ತಿರ ಹೋದಷ್ಟೂ ಗುರಿ ತಪ್ಪುತ್ತಿದ್ದ ನನ್ನ ಕ್ಯಾಟಲಿಸ್ಟ್: ಐದು ಭಾನುವಾರಗಳ ರಿಪೇರಿ ದಾಖಲೆ

ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಈವ್ ಆನ್‌ಲೈನ್ ಆಡುತ್ತೇನೆ. ಐಸ್‌ಲ್ಯಾಂಡ್‌ನ ಸಿಸಿಪಿ ಗೇಮ್ಸ್ 2003ರಲ್ಲಿ ಬಿಟ್ಟ, ಬಾಹ್ಯಾಕಾಶದಲ್ಲಿ ಹಡಗು ಓಡಿಸಿ ಕಾದಾಡುವ ಗೇಮ್ ಇದು. ಅಕ್ಕನ ಮಗ ಕಲಿಸಿಕೊಟ್ಟ. ಅವನು ಎಂಜಿನಿಯರಿಂಗ್ ಎರಡನೇ ವರ್ಷ, ಮನೆ ವಿಜಯನಗರದಲ್ಲಿ. ಇಬ್ಬರದೂ ದುಡ್ಡು ಕೊಡದೆ ಆಡುವ ಖಾತೆ.

ನನ್ನ ಹಡಗು ಕ್ಯಾಟಲಿಸ್ಟ್ ಅನ್ನುವ ಡಿಸ್ಟ್ರಾಯರ್. ಎಂಟು ಗನ್ ಕೂರಿಸಬಹುದು. ನಾನು ಎಂಟೂ ಕಡೆ ಸಣ್ಣ ಗಾತ್ರದ ರೈಲ್‌ಗನ್ ಹಾಕಿದ್ದೆ. ಹೊಡೆದದ್ದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಗಾಳಿಗೆ ಹೋಗುತ್ತಿತ್ತು. ಅದನ್ನು ಸರಿ ಮಾಡಿದ ಕೆಲಸ ಇದು.

ಜೂನ್ 1, ಭಾನುವಾರ: ತೊಂದರೆ ಏನು ಅಂತ ನೋಡಿದ್ದು

ಗೇಮ್ ಪ್ರತಿ ಹೊಡೆತವನ್ನೂ ಕಂಪ್ಯೂಟರಿನಲ್ಲಿ ಒಂದು ಟೆಕ್ಸ್ಟ್ ಫೈಲಿಗೆ ಬರೆಯುತ್ತದೆ. ಡಾಕ್ಯುಮೆಂಟ್ಸ್ ಒಳಗೆ ಈವ್ ಫೋಲ್ಡರ್, ಅದರೊಳಗೆ ಲಾಗ್ಸ್, ಅದರೊಳಗೆ ಗೇಮ್‌ಲಾಗ್ಸ್. ಒಂದು ಮಿಷನ್ ಆಡಿ, ಆ ಫೈಲ್ ತೆಗೆದು, 'ಮಿಸಸ್' ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ನೂರಕ್ಕೆ 36 ಹೊಡೆತ ಮಾತ್ರ ತಾಗಿದ್ದವು. ಉಳಿದ 64 ದಂಡ.

ದೂರ ಜಾಸ್ತಿ ಆಗಿದೆ ಅಂತ ತೀರ್ಮಾನ ಮಾಡಿದೆ. ಡ್ಯಾಮೇಜ್ ಹೆಚ್ಚಿಸುವ ಮಾಡ್ಯೂಲ್‌ಗಳನ್ನು (ಹಡಗಿಗೆ ಹಾಕುವ ಬಿಡಿಭಾಗ) ಕಿತ್ತು, ಅವು ಕೂರುವ ಕೆಳಗಿನ ಮೂರು ಸ್ಲಾಟ್‌ಗಳಿಗೂ ಟ್ರ್ಯಾಕಿಂಗ್ ಎನ್‌ಹ್ಯಾನ್ಸರ್ ಹಾಕಿದೆ. ಗನ್ನಿನ ದೂರ ಮತ್ತು ತಿರುಗುವ ವೇಗ ಎರಡನ್ನೂ ಸ್ವಲ್ಪ ಹೆಚ್ಚಿಸುವ ಸಾಮಾನು ಅದು. ಆಮೇಲೆ ಶತ್ರುವಿನ ಮೇಲೆ ನೇರ ನುಗ್ಗಿದೆ. ಹತ್ತಿರ ಹೋದರೆ ತಾಗಲೇಬೇಕು ಅಲ್ವಾ?

ನೂರಕ್ಕೆ 29 ತಾಗಿದವು.

ಇಲ್ಲಿ ಎರಡು ತಪ್ಪು ಮಾಡಿದ್ದೆ. ಒಂದೇ ಜಾತಿಯ ಮಾಡ್ಯೂಲ್ ಸಾಲಾಗಿ ಹಾಕಿದರೆ ಮೊದಲನೆಯದು ಪೂರ್ತಿ ಕೆಲಸ ಮಾಡುತ್ತದೆ, ಎರಡನೆಯದು ನೂರಕ್ಕೆ 87ರಷ್ಟು, ಮೂರನೆಯದು 57ರಷ್ಟು ಮಾತ್ರ. ಮೂರನೆಯದಕ್ಕೆ ಕೊಟ್ಟ ಇಸ್ಕ್‌ನಲ್ಲಿ (ಗೇಮ್‌ನ ದುಡ್ಡು) ಹತ್ತಿರ ಹತ್ತಿರ ಅರ್ಧ ನೀರಿಗೆ ಹೋಯಿತು. ಎರಡನೇ ತಪ್ಪು ದೊಡ್ಡದು. ಮಾಡ್ಯೂಲ್ ಬದಲಿಸಿದೆ, ಹಡಗು ಓಡಿಸುವ ರೀತಿಯನ್ನೂ ಬದಲಿಸಿದೆ. ಹಾಗಾಗಿ ಯಾವುದರಿಂದ ಏನಾಯಿತು ಅಂತ ಹೇಳುವ ದಾರಿಯೇ ಉಳಿಯಲಿಲ್ಲ. ಶಾಪಿನಲ್ಲಿ ಟೂಲ್ ಮತ್ತು ಫೀಡ್ ಒಟ್ಟಿಗೆ ಬದಲಿಸಿದ ಹುಡುಗರಿಗೆ ನಾನೇ ಬುದ್ಧಿ ಹೇಳುತ್ತೇನೆ.

ಮೂರೂ ಎನ್‌ಹ್ಯಾನ್ಸರ್ ತೆಗೆದಿಟ್ಟೆ.

ಜೂನ್ 3, ಮಂಗಳವಾರ ರಾತ್ರಿ: ಲೆಕ್ಕದ ಹಾಳೆ

ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಆಟಗಾರರೆಲ್ಲ ಬಳಸುವ ಲೆಕ್ಕ ಇದು. ಟ್ರ್ಯಾಕಿಂಗ್ ಅಂದರೆ ಗನ್ ತಿರುಗುವ ವೇಗ, ಸಿಗ್ನೇಚರ್ ಅಂದರೆ ಗುರಿ ಗನ್ನಿಗೆ ಕಾಣುವ ಗಾತ್ರ, ಆಪ್ಟಿಮಲ್ ಅಂದರೆ ದೂರದ ಕಾರಣಕ್ಕೆ ಏಟು ತಪ್ಪದ ಗಡಿ, ಫಾಲ್‌ಆಫ್ ಅಂದರೆ ಅದರಾಚೆ ಏಟು ಕಡಿಮೆಯಾಗುತ್ತ ಹೋಗುವ ಅಳತೆ:

ಅ = (ಕೋನ ವೇಗ × 40000) ÷ (ಗನ್ನಿನ ಟ್ರ್ಯಾಕಿಂಗ್ × ಗುರಿಯ ಸಿಗ್ನೇಚರ್)
ಆ = (ದೂರ − ಆಪ್ಟಿಮಲ್) ÷ ಫಾಲ್‌ಆಫ್
ತಾಗುವ ಸಾಧ್ಯತೆ = 0.5 ^ (ಅ² + ಆ²)

ಆಂಟಿಮ್ಯಾಟರ್ ಗುಂಡು ತುಂಬಿದಾಗ ನನ್ನ ಗನ್ ತೋರಿಸಿದ ಅಳತೆ ಹೀಗಿತ್ತು: ಆಪ್ಟಿಮಲ್ 10 ಕಿಲೋಮೀಟರ್, ಫಾಲ್‌ಆಫ್ 8 ಕಿಲೋಮೀಟರ್, ಟ್ರ್ಯಾಕಿಂಗ್ 80. ಚಿಲ್ಲರೆ ಬಿಟ್ಟು ಬರೆದಿದ್ದೇನೆ.

ಫಾಲ್‌ಆಫ್ ಅಂದರೆ ಗನ್ನಿನ ಕೊನೆ ಅಂತ ನಾನು ತಿಂಗಳುಗಟ್ಟಲೆ ತಿಳಿದಿದ್ದೆ. ಹಾಗಲ್ಲ. ಆಪ್ಟಿಮಲ್ ದಾಟಿ ಒಂದು ಫಾಲ್‌ಆಫ್ ಹೋದರೆ, ಅಂದರೆ 18 ಕಿಲೋಮೀಟರಿಗೆ, ಅರ್ಧ ಹೊಡೆತ ತಾಗುತ್ತವೆ. ಎರಡು ಫಾಲ್‌ಆಫ್ ಹೋದರೆ, 26ಕ್ಕೆ, ನೂರಕ್ಕೆ ಆರು.

ಕೋನ ವೇಗ ಅಂದರೆ ಏನು ಅಂತ ಆವತ್ತು ನನಗೆ ಅರ್ಥ ಆಗಲಿಲ್ಲ. ಆ ಕಾಲಂ ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಸೊನ್ನೆ.

ಆಮೇಲೆ ದೂರದ ಜಾಗದಲ್ಲಿ 2 ಕಿಲೋಮೀಟರ್ ಹಾಕಿ ನೋಡಿದೆ. ಹಾಳೆ ನೂರಕ್ಕೆ 50 ಅಂತ ತೋರಿಸಿತು. ನನಗೆ ತುಂಬಾ ಖುಷಿ ಆಯಿತು. ಹತ್ತಿರ ಹೋದಾಗ ಯಾಕೆ ತಪ್ಪುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು ಅಂದುಕೊಂಡೆ. ಗನ್ನಿಗೆ ಕನಿಷ್ಠ ದೂರವೂ ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದೆ.

ಮರುದಿನ ರಾತ್ರಿ ಶತ್ರುಗಳನ್ನು 10 ಕಿಲೋಮೀಟರ್ ಆಚೆ ಇಟ್ಟುಕೊಂಡು ಆಡಿದೆ. ನೂರಕ್ಕೆ 58 ತಾಗಿದವು. ಲೆಕ್ಕ ಸರಿ ಅನ್ನುವುದು ಇನ್ನೂ ಗಟ್ಟಿ ಆಯಿತು. ಹಾಳೆಯಲ್ಲಿ ಒಂದು ತಪ್ಪು ಇತ್ತು. ಹನ್ನೆರಡು ದಿನ ನನಗೆ ಕಾಣಲಿಲ್ಲ.

ಜೂನ್ 8, ಭಾನುವಾರ: ಟೆಸ್ಟ್ ಮಾಡುವ ವ್ಯವಸ್ಥೆ

ಮಿಷನ್‌ನಲ್ಲಿ ಅಳತೆ ಮಾಡಲು ಆಗುವುದಿಲ್ಲ. ಶತ್ರುಗಳು ನಾವು ಹೇಳಿದಲ್ಲಿ ನಿಲ್ಲುವುದಿಲ್ಲವಲ್ಲ. ಹಾಗಾಗಿ ಅಕ್ಕನ ಮಗನನ್ನೇ ಗುರಿ ಮಾಡಿಕೊಂಡೆ. ಬೆಳಗ್ಗೆ ತಿಂಡಿಗೆ ಅವರ ಮನೆಗೇ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಒಂದೇ ಮೇಜು, ಎರಡು ಸ್ಕ್ರೀನ್.

ಮೊದಲು ಗುಂಡು ಹಾರಲೇ ಇಲ್ಲ. ಕಾವಲು ಇರುವ ಜಾಗದಲ್ಲಿ ಸುಮ್ನೆ ಇನ್ನೊಬ್ಬ ಆಟಗಾರನಿಗೆ ಹೊಡೆಯಲು ಗೇಮ್‌ನ ಸೇಫ್ಟಿ ಬಿಡುವುದಿಲ್ಲ. ಅರ್ಧ ಗಂಟೆ ಹೋಯಿತು. ಡ್ಯುಯೆಲ್‌ಗೆ (ಇಬ್ಬರ ನಡುವಿನ ಕಾಳಗ) ಕರೆಯಬೇಕು, ಅವನು ಒಪ್ಪಿಕೊಳ್ಳಬೇಕು. ಆಮೇಲೆ ಹೊಡೆಯಬಹುದು.

ಎರಡನೇ ಅಡ್ಡಿ: ಎಂಟು ಗನ್ನಿಗೆ ಅವನ ಫ್ರಿಗೇಟ್ (ಸಣ್ಣ ಹಡಗು) ಕೆಲವೇ ಸೆಕೆಂಡಿನಲ್ಲಿ ಒಡೆದುಹೋಯಿತು. ಹೊಸದು ಕೊಡಿಸಿದೆ. ನಾನು ಏಳು ಗನ್ ಬಿಚ್ಚಿ ಒಂದೇ ಉಳಿಸಿಕೊಂಡೆ. ಅವನು ಆರ್ಮರ್ ರಿಪೇರಿ ಮಾಡುವ ಮಾಡ್ಯೂಲ್ ಹಾಕಿಕೊಂಡ. ಒಂದು ಗನ್ನಿನ ಏಟಿಗೆ ಅದು ಆರಾಮಾಗಿ ತಡೆದುಕೊಂಡಿತು.

ಇಬ್ಬರೂ ಹಡಗು ಪೂರ್ತಿ ನಿಲ್ಲಿಸಿ, ಪ್ರತಿ ದೂರಕ್ಕೂ 100 ಹೊಡೆತ. ನಡುವೆ ಗುಂಡು ತುಂಬುವ ಹೊತ್ತೂ ಸೇರಿ ಒಂದೊಂದಕ್ಕೆ ಎಂಟು ನಿಮಿಷ ಹಿಡಿಯಿತು.

14 ಕಿ.ಮೀ: ಲೆಕ್ಕ 84, ತಾಗಿದ್ದು 85
18 ಕಿ.ಮೀ: ಲೆಕ್ಕ 50, ತಾಗಿದ್ದು 47
22 ಕಿ.ಮೀ: ಲೆಕ್ಕ 21, ತಾಗಿದ್ದು 20
26 ಕಿ.ಮೀ: ಲೆಕ್ಕ 6, ತಾಗಿದ್ದು 7

ಈ ನಾಲ್ಕು ಸಾಲು ಬರೆದಾಗ ಆದ ಸಂತೋಷ ಹೇಳಲಾರೆ. ಎಲ್ಲೋ ಲಂಡನ್ನಿನ ಸರ್ವರ್ ಹಾಕುವ ಲೆಕ್ಕ, ವಿಜಯನಗರದ ಊಟದ ಮೇಜಿನ ಮೇಲೆ ನನ್ನ ಹಾಳೆಗೆ ಹೊಂದಿತು.

18 ಕಿಲೋಮೀಟರಿನ ಲಾಗ್‌ನಲ್ಲಿ ಇನ್ನೊಂದು ಸಂಗತಿ ಕಂಡಿತು. ಅರ್ಧದಷ್ಟು ತಾಗಿದ್ದರೂ ಒಟ್ಟು ಡ್ಯಾಮೇಜ್ ಅರ್ಧ ಬಂದಿರಲಿಲ್ಲ. ಸುಮಾರು ನೂರಕ್ಕೆ 38 ಬಂದಿತ್ತು. 'ಪೆನಿಟ್ರೇಟ್ಸ್', 'ಸ್ಮ್ಯಾಶಸ್' ಅನ್ನುವ ಗಟ್ಟಿ ಏಟು ಒಂದೂ ಇಲ್ಲ. ಹೆಚ್ಚಿನವು ಮೆತ್ತನೆ ಏಟು. ಕಾರಣ ಇಷ್ಟು: ಗೇಮ್ ಪ್ರತಿ ಹೊಡೆತಕ್ಕೆ 0ರಿಂದ 1ರ ಒಳಗೆ ಒಂದು ಸಂಖ್ಯೆ ಎತ್ತುತ್ತದೆ. ಅದು ತಾಗುವ ಸಾಧ್ಯತೆಗಿಂತ ಕಡಿಮೆ ಇದ್ದರೆ ತಾಗಿತು. ಅದೇ ಸಂಖ್ಯೆಗೆ 0.49 ಕೂಡಿಸಿ ಡ್ಯಾಮೇಜ್‌ಗೆ ಗುಣಿಸುತ್ತದೆ. 0.01ಕ್ಕಿಂತ ಕಡಿಮೆ ಬಂದರೆ ಮಾತ್ರ ಮೂರು ಪಟ್ಟು. ಸಾಧ್ಯತೆ ಅರ್ಧಕ್ಕೆ ಇಳಿದರೆ ಮೇಲಿನ ಸಂಖ್ಯೆಗಳೆಲ್ಲ ಮಿಸ್ ಆಗಿ ಹೋಗುತ್ತವೆ. ಉಳಿಯುವುದು ಮೆತ್ತನೆ ಏಟು. ಹಾಳೆಗೆ 'ಸರಾಸರಿ ಡ್ಯಾಮೇಜ್' ಅನ್ನುವ ಕಾಲಂ ಸೇರಿಸಿದೆ.

ಹತ್ತಿರದ ಟೆಸ್ಟ್ ಶುರು ಮಾಡೋಣ ಅನ್ನುವಷ್ಟರಲ್ಲಿ ಗೇಮ್ ಮುಚ್ಚಿಕೊಂಡಿತು. ದಿನಾ ನಮ್ಮ ಸಮಯ ಸಂಜೆ 4.30ಕ್ಕೆ ಸರ್ವರ್ ನಿಲ್ಲಿಸುತ್ತಾರೆ. ರಾತ್ರಿ ಆಡುವ ನನಗೆ ಅದು ನೆನಪಿರಲಿಲ್ಲ.

ಜೂನ್ 15, ಭಾನುವಾರ: 2 ಕಿಲೋಮೀಟರ್

ಮಧ್ಯಾಹ್ನ ಎರಡಕ್ಕೇ ಶುರು ಮಾಡಿದೆವು. 2 ಕಿಲೋಮೀಟರ್ ದೂರ, ಇಬ್ಬರೂ ನಿಂತಿದ್ದೇವೆ. ಹಾಳೆ ಹೇಳಿದ್ದು 50.

"ಮಾಮ, ಒಂದೂ ಮಿಸ್ ಆಗ್ತಿಲ್ಲ ನೋಡಿ" ಅಂದ. ನಲವತ್ತು ಹೊಡೆತ ಆಗಿತ್ತು.

ನೂರಕ್ಕೆ ನೂರೂ ತಾಗಿದವು.

ಮತ್ತೆ ಮಾಡೋಣ ಅಂದೆ. ಎರಡನೇ ನೂರರಲ್ಲಿ 70 ಆಗುವಾಗ ಮಳೆ ಜೋರಾಗಿ ಕರೆಂಟ್ ಹೋಯಿತು. ಅವರ ಮನೆಯ ಯುಪಿಎಸ್ ಎರಡೇ ನಿಮಿಷಕ್ಕೆ ಕೈಕೊಟ್ಟಿತು. ಆ ಎಪ್ಪತ್ತರಲ್ಲೂ ಒಂದು ತಪ್ಪಿರಲಿಲ್ಲ.

ಎರಡು ಗೆರೆ ಎಳೆದು ಬರೆದ ಮಾತು ಸುಳ್ಳು ಅಂತ ಆಯಿತು. ಹಾಗಾದರೆ ಹೋದ ಭಾನುವಾರದ ನಾಲ್ಕು ಟೆಸ್ಟ್‌ಗಳು ಯಾಕೆ ಹೊಂದಿದವು? ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಸೋಮವಾರ ಶಾಪಿನಲ್ಲಿ ಬೋರ್ ಅಳೆಯುತ್ತಿದ್ದೆ. ಡಯಲ್‌ನ ಮುಳ್ಳು ಸೊನ್ನೆಯ ಆ ಕಡೆ ಹೋಯಿತು, ಪೀಸ್ ರಿಜೆಕ್ಟ್. ಮುಂದಿನದು ಈ ಕಡೆ, ಅದೂ ರಿಜೆಕ್ಟ್. ಆಗ ಹೊಳೆಯಿತು. ನಮ್ಮ ಕೆಲಸದಲ್ಲಿ ಅಳತೆ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಆ ಅಭ್ಯಾಸದಲ್ಲೇ ನಾನು ಹಾಳೆ ಬರೆದಿದ್ದೆ. 2ರಿಂದ 10 ಕಳೆದರೆ ಮೈನಸ್ 8. ವರ್ಗ ಮಾಡಿದ ತಕ್ಷಣ ಮೈನಸ್ ಮಾಯ. 18 ಕಿಲೋಮೀಟರಿಗೂ 2 ಕಿಲೋಮೀಟರಿಗೂ ಹಾಳೆ ಒಂದೇ ಉತ್ತರ ಕೊಡುತ್ತಿತ್ತು. ಗೇಮ್‌ನಲ್ಲಿ ದೂರ ಆಪ್ಟಿಮಲ್‌ಗಿಂತ ಕಡಿಮೆ ಇದ್ದರೆ 'ಆ' ಸೊನ್ನೆ, ಅಷ್ಟೆ. ನಾನು ಟೆಸ್ಟ್ ಮಾಡಿದ ನಾಲ್ಕೂ ದೂರ ಆಪ್ಟಿಮಲ್‌ನ ಆಚೆಗೇ ಇದ್ದವು. ಅದಕ್ಕೇ ತಪ್ಪು ಸಿಕ್ಕಿಬೀಳಲಿಲ್ಲ.

ಆ ಖಾನೆಯಲ್ಲಿ ಮ್ಯಾಕ್ಸ್ ಫಂಕ್ಷನ್ ಹಾಕಿ ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ಮಾಡಿದೆ. ಐದು ನಿಮಿಷದ ಕೆಲಸ. ಆದರೆ ಆ ತಪ್ಪು ನನ್ನ ಅನುಭವಕ್ಕೆ ಹೊಂದುವ ಉತ್ತರ ಕೊಟ್ಟಿದ್ದರಿಂದ ನಾನು ಅದನ್ನು ಪ್ರಶ್ನೆ ಮಾಡಿರಲಿಲ್ಲ. 10 ಕಿಲೋಮೀಟರ್ ಆಚೆ ಇಟ್ಟುಕೊಂಡು ಆಡಿದಾಗ ನಿಜವಾಗಿ ಜಾಸ್ತಿ ತಾಗಿತ್ತಲ್ಲ. ಅದಕ್ಕೆ ಬೇರೆ ಕಾರಣ ಇರಲೇಬೇಕು. ಖಾಲಿ ಬಿಟ್ಟ ಕಾಲಂ ಈಗ ನೆನಪಾಯಿತು.

ಶನಿವಾರ ಎಸ್‌ಪಿ ರೋಡಿಗೆ ಹೋಗಿ ಯುಪಿಎಸ್ ಬ್ಯಾಟರಿ ತಂದೆ, 1,150 ರೂಪಾಯಿ.

ಜೂನ್ 22, ಭಾನುವಾರ: ಕೋನ ವೇಗ

ಅಕ್ಕನ ಮನೆ ಟೆರೇಸಿನಿಂದ ಮೆಟ್ರೊ ಕಾಣುತ್ತದೆ. ದೂರದಿಂದ ನೋಡಿದರೆ ರೈಲು ಮೆಲ್ಲಗೆ ಸಾಗುತ್ತದೆ, ಕಣ್ಣು ಆಡಿಸಿದರೆ ಸಾಕು. ಅದೇ ರೈಲನ್ನು ಲೈನಿನ ಪಕ್ಕದ ಮನೆಯ ಮಹಡಿಯಿಂದ ನೋಡಿದರೆ ಕತ್ತು ಸರಕ್ಕನೆ ತಿರುಗಿಸಬೇಕು. ರೈಲಿನ ವೇಗ ಎರಡೂ ಕಡೆ ಒಂದೇ. ನನ್ನ ಗನ್ನಿನದೂ ಇದೇ ಕಥೆ. ಸುತ್ತು ಹೊಡೆಯುವ ಫ್ರಿಗೇಟ್ ಹತ್ತಿರ ಇದ್ದಷ್ಟೂ ಗನ್ ಜೋರಾಗಿ ತಿರುಗಬೇಕು.

ಗೇಮ್‌ನ ಓವರ್‌ವ್ಯೂ ಪಟ್ಟಿಗೆ ಟ್ರಾನ್ಸ್‌ವರ್ಸಲ್ ಅನ್ನುವ ಕಾಲಂ ಸೇರಿಸಿಕೊಂಡೆ. ಗುರಿ ನಮ್ಮ ನೋಟಕ್ಕೆ ಅಡ್ಡವಾಗಿ ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವುದು ಅದು. ಅದನ್ನು ದೂರದಿಂದ ಭಾಗಿಸಿದರೆ ಕೋನ ವೇಗ.

ಮೊದಲ ಲೆಕ್ಕ ಹಾಕಿದಾಗ ಸಾಧ್ಯತೆ ಸೊನ್ನೆ ಬಂತು. ಮೀಟರನ್ನು ಕಿಲೋಮೀಟರಿನಿಂದ ಭಾಗಿಸಿದ್ದೆ. ಸರಿ ಮಾಡಿದೆ.

ಮೊದಲ ಟೆಸ್ಟ್ ಲೆಕ್ಕಕ್ಕಿಂತ ತುಂಬಾ ಜಾಸ್ತಿ ತಾಗಿತು. ಅವನ ಫ್ರಿಗೇಟಿನಲ್ಲಿ ಶೀಲ್ಡ್ ಎಕ್ಸ್‌ಟೆಂಡರ್ ಇತ್ತು. ಅದು ಸಿಗ್ನೇಚರ್ ದೊಡ್ಡದು ಮಾಡುತ್ತದೆ. ಹಾಳೆಯಲ್ಲಿ ನಾನು 40 ಮೀಟರ್ ಬರೆದಿದ್ದೆ, ಅವನ ಫಿಟ್ಟಿಂಗ್ ಕಿಟಕಿ 52 ತೋರಿಸುತ್ತಿತ್ತು. ಎಕ್ಸ್‌ಟೆಂಡರ್ ತೆಗೆಸಿದೆ. ಆ ನೂರು ಹೊಡೆತದ ಲೆಕ್ಕ ಕೈಬಿಟ್ಟೆ.

ಇನ್ನೊಂದು ಎಚ್ಚರಿಕೆ. 5 ಕಿಲೋಮೀಟರಿಗೆ ಸುತ್ತು ಅಂತ ಆಜ್ಞೆ ಕೊಟ್ಟರೆ ಹಡಗು 5ಕ್ಕೇ ಸುತ್ತುವುದಿಲ್ಲ. ವೇಗದ ಭರಕ್ಕೆ ಹೊರಗೆ ಸರಿಯುತ್ತದೆ. ನಮಗೆ 5.6 ಬಂತು. ಆಜ್ಞೆಯ ದೂರ ಬಿಟ್ಟು ಕಂಡ ದೂರವನ್ನೇ ಹಾಳೆಗೆ ಹಾಕಬೇಕು.

ನಾನು ನಿಂತಿದ್ದೆ. ಅವನು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ನನ್ನ ಸುತ್ತ.

10.4 ಕಿ.ಮೀ: ಲೆಕ್ಕ 85, ತಾಗಿದ್ದು 86
5.6 ಕಿ.ಮೀ: ಲೆಕ್ಕ 58, ತಾಗಿದ್ದು 55
2.8 ಕಿ.ಮೀ: ಲೆಕ್ಕ 11, ತಾಗಿದ್ದು 13

ಹತ್ತಿರ ನುಗ್ಗಿದ ದಿನ ನಾನು ಏನು ಮಾಡಿಕೊಂಡೆ ಅನ್ನುವುದು ಆ ಕೊನೆಯ ಸಾಲಿನಲ್ಲಿದೆ. ದೂರ ಒಂದು ಕಡೆ ಎಳೆಯುತ್ತದೆ, ಕೋನ ಇನ್ನೊಂದು ಕಡೆ. ನನ್ನ ಗನ್ನಿಗೆ ಒಳ್ಳೆಯ ಜಾಗ 8ರಿಂದ 12 ಕಿಲೋಮೀಟರಿನ ಪಟ್ಟಿ.

ಕೊನೆಗೆ ನಾನೂ ಹಡಗು ಓಡಿಸಿ ನೋಡಿದೆ. ಅವನು 5 ಕಿಲೋಮೀಟರಿಗೆ ಸುತ್ತುತ್ತಿರುವಾಗ ನಾನು ನೇರವಾಗಿ ಪೂರ್ತಿ ವೇಗದಲ್ಲಿ ಹೊರಟೆ. ಅವನು ಹಿಂದೆ ಅಟ್ಟಿಸಿಕೊಂಡು ಬರಬೇಕಾಗಿ ಸುತ್ತು ಸಡಿಲವಾಯಿತು. ನೂರಕ್ಕೆ 68. ಖರ್ಚಿಲ್ಲದೆ ಸಿಕ್ಕ 13 ಹೊಡೆತ.

ಜೂನ್ 29, ಭಾನುವಾರ: ವೆಬ್, ಗುಂಡು, ಎಂಜಿನ್

ನಡುವಿನ ಒಂದು ಸ್ಲಾಟಿಗೆ ಸ್ಟ್ಯಾಸಿಸ್ ವೆಬಿಫೈಯರ್ (ವೆಬ್) ಹಾಕಿದೆ. ಗುರಿಯ ವೇಗವನ್ನು ನೂರಕ್ಕೆ 60 ಇಳಿಸಿತು. 400 ಇದ್ದದ್ದು 160 ಆಯಿತು. 5.2 ಕಿಲೋಮೀಟರಿನಲ್ಲಿ ಲೆಕ್ಕ 90, ತಾಗಿದ್ದು 91. ಮೂರು ಎನ್‌ಹ್ಯಾನ್ಸರ್ ಸೇರಿ ಮಾಡದ ಕೆಲಸ ಒಂದು ವೆಬ್ ಮಾಡಿತು. ಅದರ ಕೈ 10 ಕಿಲೋಮೀಟರ್ ತನಕ ಮಾತ್ರ ಚಾಚುತ್ತದೆ, ಅದು ನೆನಪಿರಲಿ.

ಆಮೇಲೆ ಗುಂಡು. ನಾನು ಯಾವಾಗಲೂ ಆಂಟಿಮ್ಯಾಟರ್ ಒಂದನ್ನೇ ತುಂಬುತ್ತಿದ್ದೆ, ಅದರ ಡ್ಯಾಮೇಜ್ 12, ಸಾದಾ ಗುಂಡುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಆದರೆ ಅದು ಆಪ್ಟಿಮಲ್ ಅರ್ಧ ಮಾಡುತ್ತದೆ. ಥೋರಿಯಂ 9, ಆಪ್ಟಿಮಲ್ 17.5 ಕಿಲೋಮೀಟರ್. ಕಬ್ಬಿಣದ್ದು 5, ಆಪ್ಟಿಮಲ್ 32. ಫಾಲ್‌ಆಫ್ ಎಲ್ಲಕ್ಕೂ ಅದೇ 8. ಸರಾಸರಿ ಡ್ಯಾಮೇಜ್ ಕಾಲಂ ಇಲ್ಲಿ ಉಪಯೋಗಕ್ಕೆ ಬಂತು. 18 ಕಿಲೋಮೀಟರಿನಲ್ಲಿ ಆಂಟಿಮ್ಯಾಟರ್ ಕೊಡುವುದು 4.7, ಕಬ್ಬಿಣಕ್ಕಿಂತಲೂ ಕಡಿಮೆ. ಅಲ್ಲಿ ಥೋರಿಯಂ 9.1 ಕೊಡುತ್ತದೆ. ಹೆಚ್ಚುಕಡಿಮೆ ಎರಡು ಪಟ್ಟು! 14ರಲ್ಲಿ ಪ್ಲುಟೋನಿಯಂ ಗೆಲ್ಲುತ್ತದೆ, 16ರಲ್ಲಿ ಯುರೇನಿಯಂ, 30ರಲ್ಲಿ ಟಂಗ್‌ಸ್ಟನ್.

ಎಲ್ಲವನ್ನೂ ಹೊತ್ತು ತಿರುಗಿ ಪ್ರಯೋಜನವಿಲ್ಲ. ಬದಲಿಸಲು ಪ್ರತಿ ಸಲ 5 ಸೆಕೆಂಡ್ ಹೋಗುತ್ತದೆ. ಆಂಟಿಮ್ಯಾಟರ್, ಥೋರಿಯಂ, ಟಂಗ್‌ಸ್ಟನ್ ಮೂರು ಸಾಕು ಅಂತ ನಿರ್ಧರಿಸಿದೆ. ದೂರ ಮತ್ತು ಗುಂಡಿನ ಹೆಸರು ಬರೆದ ಒಂದು ಚೀಟಿ ಮಾನಿಟರಿನ ಕೆಳಗೆ ಅಂಟಿಸಿದ್ದೇನೆ.

ಎಂಟೂ ಗನ್ ವಾಪಸ್ ಕೂರಿಸಿ, ಡ್ಯಾಮೇಜ್ ಮಾಡ್ಯೂಲ್ ಹಾಕಿ, ರಾತ್ರಿ ಅದೇ ಮಿಷನ್ ಆಡಿದೆ. ನೂರಕ್ಕೆ 81 ತಾಗಿದವು.

ಸಂಜೆ ಅಕ್ಕನ ಮಗ ಕೇಳಿದ ಪ್ರಶ್ನೆಯಿಂದ ಇನ್ನೊಂದು ಟೆಸ್ಟ್ ಆಗಿತ್ತು. "ಮಾಮ, ನಾನು ಮೈಕ್ರೋವಾರ್ಪ್ ಹಾಕ್ಕೊಂಡ್ರೆ ನೀವು ಹೊಡೆಯೋಕೇ ಆಗಲ್ಲ ಅಲ್ವಾ?" ಸೆಕೆಂಡಿಗೆ 2,000 ಮೀಟರ್ ಓಡುವ ಫ್ರಿಗೇಟ್ ಅದು. ನನಗೂ ಹಾಗೇ ಅನ್ನಿಸಿತು. 12.5 ಕಿಲೋಮೀಟರಿನಲ್ಲಿ ಸುತ್ತಿದ. ನೂರಕ್ಕೆ 88 ತಾಗಿದವು. ಆ ಎಂಜಿನ್ ಹಾಕಿದರೆ ಸಿಗ್ನೇಚರ್ ಆರು ಪಟ್ಟು ಆಗುತ್ತದೆ, 40 ಇದ್ದದ್ದು 240. ವೇಗದಿಂದ ಸಿಕ್ಕಿದ್ದನ್ನೆಲ್ಲ ಅದೇ ತಿಂದು ಹಾಕುತ್ತದೆ.

ಆಮೇಲೆ ಸಾದಾ ಆಫ್ಟರ್‌ಬರ್ನರ್ ಎಂಜಿನ್ ಹಾಕಿ ಬಂದ. ವೇಗ ಬರೀ 900, ಸಿಗ್ನೇಚರ್ ಅದೇ 40, ದೂರ 10.8. ಲೆಕ್ಕ 47, ತಾಗಿದ್ದು 45. ನಿಧಾನವಾಗಿ ಓಡುವ ಹಡಗೇ ಹೊಡೆಯಲು ಕಷ್ಟ ಆಯಿತು. ಅದೂ ನನ್ನ ವೆಬ್‌ಗೆ ಸಿಗದ ದೂರದಲ್ಲಿ.

ಇದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ನಡುವೆ ಉಳಿದಿರುವ ಇನ್ನೊಂದು ಸ್ಲಾಟಿಗೆ, ಗನ್ ತಿರುಗುವ ವೇಗ ಹೆಚ್ಚಿಸುವ ಟ್ರ್ಯಾಕಿಂಗ್ ಕಂಪ್ಯೂಟರ್ ಮತ್ತು ಅದರ ಟ್ರ್ಯಾಕಿಂಗ್ ಸ್ಕ್ರಿಪ್ಟ್ ಕೊಂಡಿಟ್ಟಿದ್ದೇನೆ. ಮುಂದಿನ ಭಾನುವಾರ ಅದೊಂದನ್ನೇ ಬದಲಿಸಿ, ಅದೇ 10.8 ಕಿಲೋಮೀಟರಿನಲ್ಲಿ 100 ಹೊಡೆತ. ಮಧ್ಯಾಹ್ನ ಎರಡಕ್ಕೆ ಶುರು, 4.30ರ ಒಳಗೆ ಮುಗಿಸಬೇಕು.